ಒಂದು ಗಂಟೆ ಮಾತಿಗೆ ಒಂದೂವರೆ ಸಾವಿರವೇ? ಕೌನ್ಸೆಲಿಂಗ್ ಫೀಸಿನ ಲೆಕ್ಕ ಏನು?

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಈ ಧಾಟಿಯ ಮೆಸೇಜ್ ಬಂದಿರಬಹುದು. "ಮೊದಲೆಲ್ಲ ಮನಸ್ಸಿಗೆ ಬೇಜಾರಾದರೆ ಅಜ್ಜಿ ಪಕ್ಕ ಕೂತು ಹೇಳಿಕೊಳ್ತಿದ್ವಿ, ಖರ್ಚು ಸೊನ್ನೆ. ಈಗ ಅದೇ ಮಾತಿಗೆ ಗಂಟೆಗೆ ಎರಡು ಸಾವಿರ ಕೊಟ್ಟು ಥೆರಪಿ ಅಂತಾರೆ!" ಕೆಳಗೆ ನಗುವ ಎಮೋಜಿ ನಾಲ್ಕು, ಕೈಮುಗಿಯುವ ಎಮೋಜಿ ಒಂದು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಮಾತೂ ಓಡಾಡುತ್ತಿದೆ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲ, ದುಡ್ಡು ಕೊಟ್ಟರಷ್ಟೇ ಥೆರಪಿ ನಾಟುತ್ತದೆ, ಫೀಸು ಜಾಸ್ತಿ ಇದ್ದವರೇ ಒಳ್ಳೆಯವರು ಅಂತ.

ಮೊದಲನೆಯದನ್ನು ನಂಬಿದವರು ಸಹಾಯ ಬೇಕಾದಾಗಲೂ ಆ ಕಡೆ ತಲೆ ಹಾಕುವುದಿಲ್ಲ. ಎರಡನೆಯದನ್ನು ನಂಬಿದವರು ಕೈಲಾಗದ ಫೀಸು ಕೊಟ್ಟು ಮೂರನೇ ವಾರಕ್ಕೆ ನಿಲ್ಲಿಸುತ್ತಾರೆ. ಹೀಗೆ ನಿಲ್ಲಿಸಿದವರಲ್ಲಿ ನಾನೂ ಒಬ್ಬ, ಆದ್ದರಿಂದ ಸ್ವಲ್ಪ ಅನುಭವದ ಮೇಲೆಯೇ ಬರೆಯುತ್ತಿದ್ದೇನೆ.

ಅಪ್ಪ ತೀರಿಕೊಂಡ ಮೇಲೆ ಕೆಲವು ತಿಂಗಳು ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಒಬ್ಬ ಕೌನ್ಸೆಲರ್ ಹತ್ತಿರ ಹೋಗಲು ಶುರು ಮಾಡಿದೆ, ಸೆಷನ್‌ಗೆ 1,200 ರೂಪಾಯಿ. ನಾಲ್ಕನೇ ವಾರ ಮಗಳಿಗೆ ಜ್ವರ ಬಂತು. ಬೆಳಿಗ್ಗೆ ಎಂಟಕ್ಕೆ "ಇವತ್ತು ಬರೋಕಾಗಲ್ಲ" ಅಂತ ಮೆಸೇಜ್ ಹಾಕಿದೆ. ಸಂಜೆ ಪೂರ್ತಿ ಫೀಸಿನ ಯುಪಿಐ ರಿಕ್ವೆಸ್ಟ್ ಬಂತು. ಹೋಗದ ದಿನಕ್ಕೂ ದುಡ್ಡಾ ಅಂತ ಸಿಟ್ಟು ನೆತ್ತಿಗೇರಿತು. ದುಡ್ಡು ಕಳಿಸಿದೆ, ಆದರೆ ಮತ್ತೆ ಹೋಗಲಿಲ್ಲ. ನಾಲ್ಕು ತಿಂಗಳಾದ ಮೇಲೆ ಡ್ರಾಯರ್‌ನಲ್ಲಿ ಏನೋ ಹುಡುಕುವಾಗ ಮೊದಲ ದಿನ ಸಹಿ ಹಾಕಿದ ಫಾರಂ ಸಿಕ್ಕಿತು. 24 ಗಂಟೆ ಮೊದಲು ತಿಳಿಸದಿದ್ದರೆ ಪೂರ್ತಿ ಫೀಸು ಅಂತ ಅದರಲ್ಲೇ ಇತ್ತು. ಓದದೆ ಸಹಿ ಹಾಕಿದವನು ನಾನು. ಓದಿ ಹೇಳದೆ ಸಹಿ ಹಾಕಿಸಿಕೊಂಡದ್ದು ಅವರ ತಪ್ಪು ಎಂದೂ ನನಗೆ ಈಗಲೂ ಅನಿಸುತ್ತದೆ.

ನೀವು ಕೊಡುವ ದುಡ್ಡು ಯಾವುದಕ್ಕೆ?

ಒಂದು ಸೆಷನ್ ಅಂದರೆ ಸಾಮಾನ್ಯವಾಗಿ 45ರಿಂದ 60 ನಿಮಿಷ. ಬೆಂಗಳೂರಿನಲ್ಲಿ ಖಾಸಗಿಯಾಗಿ ಇದಕ್ಕೆ ಸಾವಿರದ ಆಸುಪಾಸಿನಿಂದ ಎರಡು-ಮೂರು ಸಾವಿರದವರೆಗೂ ತೆಗೆದುಕೊಳ್ಳುತ್ತಾರೆ. ಸಣ್ಣ ಊರುಗಳಲ್ಲಿ ಸ್ವಲ್ಪ ಕಡಿಮೆ. ಸರ್ಕಾರ ನಿಗದಿ ಮಾಡಿದ ರೇಟು ಅಂತ ಯಾವುದೂ ಇಲ್ಲ.

ನಮಗೆ ಗೊತ್ತಿರುವ ಡಾಕ್ಟರ್ ಫೀಸಿನ ಜೊತೆ ಹೋಲಿಸಿದಾಗ ಇದು ವಿಪರೀತ ಅನಿಸುವುದು ಸಹಜ. ಆದರೆ ಗಂಟೆಯ ಲೆಕ್ಕ ಹಾಕಿ ನೋಡಿ. ಒಬ್ಬ ಡಾಕ್ಟರ್ 400 ರೂಪಾಯಿ ಫೀಸಿಗೆ ಹತ್ತು ನಿಮಿಷ ನೋಡಿದರೆ ಗಂಟೆಗೆ ಆರು ಜನ, 2,400 ರೂಪಾಯಿ. ಥೆರಪಿಸ್ಟ್ ಆ ಒಂದು ಗಂಟೆಯಲ್ಲಿ ನೋಡುವುದು ನಿಮ್ಮೊಬ್ಬರನ್ನೇ. ಹೊರಗೆ ಟೋಕನ್ ಹಿಡಿದು ಕೂತ ಇನ್ನೈದು ಜನರ ಜೊತೆ ಹಂಚಿಕೊಳ್ಳುತ್ತಿದ್ದ ಖರ್ಚು ಇಲ್ಲಿ ಪೂರ್ತಿ ನಿಮ್ಮ ತಲೆ ಮೇಲೆ ಬರುತ್ತದೆ. ಥೆರಪಿ ದುಬಾರಿ ಆಗಲು ಮುಖ್ಯ ಕಾರಣವೇ ಇದು.

ದಿನಕ್ಕೆ ಎಷ್ಟು ಜನರನ್ನು ನೋಡಬಹುದು ಎಂಬುದಕ್ಕೂ ಮಿತಿ ಇದೆ. ಬೆಳಗಿನಿಂದ ಸಂಜೆವರೆಗೆ ಒಬ್ಬರಾದ ಮೇಲೆ ಒಬ್ಬರ ಸಂಕಟ ಕೇಳುತ್ತಾ, ಪ್ರತಿಯೊಬ್ಬರೂ ಹಿಂದಿನ ವಾರ ಹೇಳಿದ್ದನ್ನು ನೆನಪಿಟ್ಟುಕೊಂಡು ಕೂರುವುದು ಐದಾರು ಜನ ದಾಟಿದರೆ ಕಷ್ಟ. ಪ್ರತಿ ಸೆಷನ್ ನಂತರ ಟಿಪ್ಪಣಿ ಬರೆಯಬೇಕು. ಒಳ್ಳೆಯ ಥೆರಪಿಸ್ಟ್‌ಗಳು ತಮ್ಮ ಕೇಸುಗಳನ್ನು ಹಿರಿಯರೊಬ್ಬರ ಮುಂದಿಟ್ಟು ಸಲಹೆ ಪಡೆಯುತ್ತಾರೆ. ಇದನ್ನು ಸೂಪರ್‌ವಿಷನ್ ಅನ್ನುತ್ತಾರೆ, ಅದಕ್ಕೆ ಅನೇಕರು ಕೈಯಿಂದ ದುಡ್ಡು ಕೊಡುತ್ತಾರೆ. ಮಾತು ಹೊರಗೆ ಕೇಳಿಸದಂಥ ರೂಮಿನ ಬಾಡಿಗೆ ಬೇರೆ. ಆ್ಯಪ್ ಮೂಲಕ ಬಂದ ಕ್ಲೈಂಟ್ ಆದರೆ ಆ್ಯಪ್‌ನವರ ಕಮಿಷನ್ ಕೂಡ.

ಹಾಗಂತ ಎಲ್ಲ ಫೀಸೂ ನ್ಯಾಯವಾದದ್ದು ಅಂತ ನಾನು ಹೇಳುತ್ತಿಲ್ಲ. ಏರಿಯಾ ನೋಡಿ, ಸೋಫಾ ನೋಡಿ, ಇನ್‌ಸ್ಟಾಗ್ರಾಂ ಫಾಲೋವರ್ಸ್ ಲೆಕ್ಕ ನೋಡಿ ಏರುವ ಫೀಸೂ ಇದೆ. ಆದರೆ "ಬರೀ ಮಾತಿಗೆ ಇಷ್ಟು ದುಡ್ಡು" ಎಂಬ ಲೆಕ್ಕ ಸರಿಯಲ್ಲ.

ಅಜ್ಜಿಯ ವಿಷಯಕ್ಕೆ ಬರೋಣ

ಫಾರ್ವರ್ಡ್‌ನಲ್ಲಿ ಅರ್ಧ ಸತ್ಯ ಇದೆ, ಅದು ಆ ಮೆಸೇಜ್ ಬರೆದವರಿಗೆ ಗೊತ್ತಿರಲಿಕ್ಕಿಲ್ಲ. ಆಫ್ರಿಕಾದ ಜಿಂಬಾಬ್ವೆಯಲ್ಲಿ ನಿಜಕ್ಕೂ ಅಜ್ಜಿಯರೇ ಕೌನ್ಸೆಲಿಂಗ್ ಮಾಡುತ್ತಾರೆ. ಆ ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬರಾದ ಡಾ. ಡಿಕ್ಸನ್ ಚಿಬಾಂಡಾ 2006ರ ಹೊತ್ತಿಗೆ ಹರಾರೆ ನಗರದ ಆರೋಗ್ಯ ಕೇಂದ್ರಗಳ ಅಂಗಳದಲ್ಲಿ ಮರದ ಬೆಂಚು ಹಾಕಿಸಿ, ವಯಸ್ಸಾದ ಆರೋಗ್ಯ ಕಾರ್ಯಕರ್ತೆಯರನ್ನು ಅಲ್ಲಿ ಕೂರಿಸಿದರು. ಯೋಜನೆಯ ಹೆಸರು ಫ್ರೆಂಡ್‌ಶಿಪ್ ಬೆಂಚ್. 2016ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಇದರ ಅಧ್ಯಯನ ಪ್ರಕಟವಾಯಿತು. ಬೆಂಚಿನ ಮೇಲೆ ಕೂತು ಮಾತಾಡಿದವರ ಲಕ್ಷಣಗಳು, ಮಾಮೂಲಿ ಆರೈಕೆ ಪಡೆದವರಿಗಿಂತ ಆರು ತಿಂಗಳ ನಂತರವೂ ಕಡಿಮೆ ಇದ್ದವು.

ಆದರೆ ಈ ಅಜ್ಜಿಯರು "ಎಲ್ಲಾ ಸರಿಹೋಗುತ್ತೆ ಕಂದ, ದೇವರ ಮೇಲೆ ಭಾರ ಹಾಕು" ಎಂದು ಕಳಿಸುತ್ತಿರಲಿಲ್ಲ. ಸಮಸ್ಯೆಗಳನ್ನು ಬಿಡಿಸಿ, ಒಂದನ್ನು ಆರಿಸಿ, ಪರಿಹಾರದ ಹೆಜ್ಜೆ ಗೊತ್ತುಮಾಡುವ ವಿಧಾನದಲ್ಲಿ ಅವರಿಗೆ ತರಬೇತಿ ಇತ್ತು. ಮೇಲೆ ನೋಡಿಕೊಳ್ಳುವವರಿದ್ದರು. ಇನ್ನೊಂದು ವ್ಯತ್ಯಾಸವೂ ಇದೆ. ನಮ್ಮ ಅಜ್ಜಿಗೆ ನಾವು ಹೇಳಿದ್ದು ಸಂಜೆ ಹೊತ್ತಿಗೆ ಚಿಕ್ಕಮ್ಮನಿಗೂ ಗೊತ್ತಾಗಿರುತ್ತದೆ. ಗಂಡನ ಹೊಡೆತದ ಬಗ್ಗೆಯೋ, ಸಾಯಬೇಕು ಅನಿಸುವುದರ ಬಗ್ಗೆಯೋ ಮನೆಯಲ್ಲೇ ಹೇಳಿಕೊಳ್ಳಲು ಎಷ್ಟು ಜನರಿಗೆ ಸಾಧ್ಯ?

ಹೋಗದ ದಿನಕ್ಕೂ ದುಡ್ಡು ಯಾಕೆ?

ಈ ಪದ್ಧತಿಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ. ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ 1913ರಲ್ಲಿ ಚಿಕಿತ್ಸೆ ಶುರು ಮಾಡುವ ಬಗೆಯ ಕುರಿತು ಒಂದು ಪ್ರಬಂಧ ಬರೆದ. ತನ್ನ ದಿನದ ಒಂದು ಗಂಟೆಯನ್ನು ಒಬ್ಬ ರೋಗಿಗೆ ಮೀಸಲಿಟ್ಟರೆ ಅದು ಆತನದೇ, ಬಳಸಿದರೂ ಬಳಸದಿದ್ದರೂ ಫೀಸು ಕೊಡಬೇಕು ಎಂಬ ನಿಯಮವನ್ನು ಅದರಲ್ಲಿ ವಿವರಿಸಿದ್ದಾನೆ. ಸಂಗೀತ ಅಥವಾ ಭಾಷೆ ಕಲಿಸುವ ಮೇಷ್ಟ್ರುಗಳಿಗೆ ಹೀಗೇ ಕೊಡುತ್ತೀರಲ್ಲ ಎಂಬುದು ಅವನ ವಾದ. ದುಡ್ಡಿನ ಮಾತನ್ನು ಜನ ಲೈಂಗಿಕ ವಿಷಯದಷ್ಟೇ ನಾಚಿಕೆಯಿಂದ, ಮುಚ್ಚುಮರೆಯಿಂದ ಆಡುತ್ತಾರೆ, ಆದ್ದರಿಂದ ವೈದ್ಯನೇ ಮೊದಲು ಬಾಯಿಬಿಟ್ಟು ಫೀಸು ಹೇಳಬೇಕು ಎಂದೂ ಬರೆದಿದ್ದಾನೆ. ಎರಡನೆಯ ಮಾತನ್ನು ನಮ್ಮ ಕಡೆ ಎಷ್ಟೋ ಕ್ಲಿನಿಕ್‌ಗಳು ಪಾಲಿಸುವುದಿಲ್ಲ, ಮೊದಲನೆಯದನ್ನು ಮಾತ್ರ ಶ್ರದ್ಧೆಯಿಂದ ಪಾಲಿಸುತ್ತವೆ!

ಮದುವೆ ಛತ್ರದ ಹೋಲಿಕೆ ಇಲ್ಲಿ ಹೊಂದುತ್ತದೆ. ನೀವು ಹಿಡಿದಿಟ್ಟ ಮುಹೂರ್ತದ ದಿನವನ್ನು ಹಿಂದಿನ ರಾತ್ರಿ ಬೇಡ ಅಂದರೆ ಛತ್ರದವರು ಇನ್ನೊಬ್ಬರಿಗೆ ಕೊಡಲಾರರು. ಮಂಗಳವಾರ ಸಂಜೆ ಆರರ ಸ್ಲಾಟ್ ಕೂಡ ಹಾಗೆಯೇ. ಅದಕ್ಕಾಗಿ ವೇಟಿಂಗ್ ಲಿಸ್ಟ್‌ನಲ್ಲಿ ಇನ್ನೊಬ್ಬರು ಇರಬಹುದು, ಆದರೆ ಒಂದು ಗಂಟೆ ಮೊದಲು ಫೋನ್ ಮಾಡಿದರೆ ಅವರು ಬರಲಾರರು.

ಹಾಗಾಗಿ 24 ಅಥವಾ 48 ಗಂಟೆ ಮೊದಲು ತಿಳಿಸಬೇಕು ಎನ್ನುವ ನಿಯಮ ಮೋಸವಲ್ಲ, ಇದು ಜಗತ್ತಿನಾದ್ಯಂತ ಇದೆ. ಕೆಲವರು ಪೂರ್ತಿ, ಕೆಲವರು ಅರ್ಧ ತೆಗೆದುಕೊಳ್ಳುತ್ತಾರೆ. ಅಪಘಾತ, ಸಾವು, ದಿಢೀರ್ ಕಾಯಿಲೆಗೆ ವಿನಾಯಿತಿ ಕೊಡುವವರೂ ಇದ್ದಾರೆ, ಕೇಳಿದರೆ ಫೋನ್‌ನಲ್ಲೇ ಸೆಷನ್ ಮಾಡುವವರೂ ಇದ್ದಾರೆ. ನಾನು ಅವತ್ತು ಮಗಳ ಪಕ್ಕ ಕೂತೇ ಫೋನಿನಲ್ಲಿ ಮಾತಾಡಬಹುದಿತ್ತೇನೋ. ಕೇಳಬಹುದು ಅಂತಲೇ ಹೊಳೆಯಲಿಲ್ಲ.

ಇದೇ ನಿಯಮ ಥೆರಪಿಸ್ಟ್‌ಗೂ ಅನ್ವಯವಾಗಬೇಕಲ್ಲವೇ? ಅವರು ಕೊನೆ ಗಳಿಗೆಯಲ್ಲಿ ರದ್ದು ಮಾಡಿದರೆ ಏನು, ಅರ್ಧ ಗಂಟೆ ತಡವಾಗಿ ಶುರು ಮಾಡಿದರೆ ಏನು ಎಂದು ಮೊದಲ ದಿನವೇ ಕೇಳಿ. ಇದಕ್ಕೆ ನೇರ ಉತ್ತರ ಕೊಡುವವರು ಉಳಿದ ವಿಷಯದಲ್ಲೂ ನೇರ ಇರುತ್ತಾರೆ ಎಂಬುದು ನನ್ನ ಅನಿಸಿಕೆ, ಇದಕ್ಕೆ ಸಂಶೋಧನೆ ಗಿಂಶೋಧನೆ ಕೇಳಬೇಡಿ.

ದುಡ್ಡು ಕೊಟ್ಟರಷ್ಟೇ ವಾಸಿಯಾಗುತ್ತಾ?

ಈ ನಂಬಿಕೆಯ ಬೇರು ಕೂಡ ಫ್ರಾಯ್ಡ್‌ನ ಅದೇ ಪ್ರಬಂಧದಲ್ಲಿದೆ. ತಾನು ಸುಮಾರು ಹತ್ತು ವರ್ಷ ದಿನಕ್ಕೆ ಒಂದು, ಕೆಲವೊಮ್ಮೆ ಎರಡು ಗಂಟೆ ಉಚಿತ ಚಿಕಿತ್ಸೆ ಕೊಟ್ಟೆ, ಅದರಿಂದ ರೋಗಿಗಳ ಪ್ರತಿರೋಧ ಹೆಚ್ಚಾಯಿತೇ ಹೊರತು ಅಂದುಕೊಂಡಷ್ಟು ಫಲ ಸಿಗಲಿಲ್ಲ ಎಂದು ಅವನು ಬರೆದ. ಆಮೇಲೆ ತಲೆಮಾರುಗಳ ಕಾಲ ಥೆರಪಿಸ್ಟ್‌ಗಳು ಇದನ್ನು ವೇದವಾಕ್ಯದಂತೆ ಹೇಳಿಕೊಂಡು ಬಂದರು. ಅವರಿಗೆ ಅನುಕೂಲವಾದ ಮಾತು ನೋಡಿ.

ಆದರೆ ಫ್ರಾಯ್ಡ್ ಅಲ್ಲಿಗೇ ನಿಲ್ಲಲಿಲ್ಲ. ಮೊದಲ ಮಹಾಯುದ್ಧ ಮುಗಿಯುತ್ತಿದ್ದ 1918ರಲ್ಲಿ ಬುಡಾಪೆಸ್ಟ್‌ನಲ್ಲಿ ಮಾತಾಡುತ್ತಾ, ಬಡವರಿಗೂ ಮನಸ್ಸಿನ ಚಿಕಿತ್ಸೆಯ ಹಕ್ಕಿದೆ, ಅದು ಉಚಿತವಾಗಿ ಸಿಗುವ ಕಾಲ ಬರಬೇಕು ಎಂದ. ಅವನ ಶಿಷ್ಯರು 1920ರಲ್ಲಿ ಬರ್ಲಿನ್‌ನಲ್ಲಿ, 1922ರಲ್ಲಿ ವಿಯೆನ್ನಾದಲ್ಲಿ ಬಡವರೂ ಬರಬಹುದಾದ ಕ್ಲಿನಿಕ್ ತೆರೆದರು. ರಷ್ಯಾದ ಕ್ರಾಂತಿಯಲ್ಲಿ ಆಸ್ತಿಯೆಲ್ಲ ಕಳೆದುಕೊಂಡ ತನ್ನ ಹಳೆಯ ಶ್ರೀಮಂತ ರೋಗಿಯೊಬ್ಬನಿಗೆ ಫ್ರಾಯ್ಡ್ ತಾನೇ ವರ್ಷವರ್ಷವೂ ಚಂದಾ ಎತ್ತಿ ದುಡ್ಡು ಕೊಟ್ಟ. ಈ ಭಾಗ ಯಾರ ಫಾರ್ವರ್ಡ್‌ನಲ್ಲೂ ಬರುವುದಿಲ್ಲ.

ಅಧ್ಯಯನಗಳು ಏನನ್ನುತ್ತವೆ? 1975ರಲ್ಲಿ ಅಮೆರಿಕದ ಸಂಶೋಧಕರು ಹೊರರೋಗಿ ಥೆರಪಿಗೆ ಬಂದವರ ಫೀಸನ್ನೂ ಫಲಿತಾಂಶವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಹೆಚ್ಚು ಕೊಟ್ಟವರಿಗೆ ಹೆಚ್ಚು ಗುಣ ಎಂಬ ಸಂಬಂಧ ಕಾಣಲಿಲ್ಲ. ಅದಕ್ಕಿಂತ ದೊಡ್ಡ ಪುರಾವೆ ನಮ್ಮ ಪಕ್ಕದ ಗೋವಾದಲ್ಲೇ ಇದೆ. ಡಾ. ವಿಕ್ರಮ್ ಪಟೇಲ್ ಮತ್ತು ಸಂಗತ್ ಸಂಸ್ಥೆಯವರು ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ ಇದ್ದ 495 ಜನರ ಮೇಲೆ ಪ್ರಯೋಗ ಮಾಡಿದರು. ಮಾತಾಡಿಸಿದವರು ಮನಶ್ಶಾಸ್ತ್ರದ ಡಿಗ್ರಿ ಇಲ್ಲದ ಸ್ಥಳೀಯರು, ಆದರೆ ತರಬೇತಿ ಪಡೆದವರು. ಆರರಿಂದ ಎಂಟು ಸೆಷನ್, ತಲಾ ಅರ್ಧ ಗಂಟೆ ಚಿಲ್ಲರೆ. ಮೂರು ತಿಂಗಳ ನಂತರ ಈ ಗುಂಪಿನಲ್ಲಿ ನೂರಕ್ಕೆ 64 ಜನ ಖಿನ್ನತೆಯಿಂದ ಹೊರಬಂದಿದ್ದರು, ಮಾಮೂಲಿ ಆರೈಕೆಯ ಗುಂಪಿನಲ್ಲಿ 39 ಜನ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಆ ರೋಗಿಗಳು ಸೆಷನ್‌ಗೆ ಎರಡು ಸಾವಿರ ಕೊಟ್ಟಿರಲಿಲ್ಲ.

ಬ್ರಿಟನ್‌ನಲ್ಲಿರುವ ಕನ್ನಡಿಗರಿಗೆ ಇದು ಗೊತ್ತಿರುತ್ತದೆ. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯ ಟಾಕಿಂಗ್ ಥೆರಪಿ ಉಚಿತ, ಡಾಕ್ಟರ್ ಚೀಟಿ ಇಲ್ಲದೆ ನೀವೇ ಹೆಸರು ಕೊಡಬಹುದು. 2008ರಿಂದ ನಡೆಯುತ್ತಿದೆ, ಅಲ್ಲಿ ಕೋರ್ಸ್ ಮುಗಿಸಿದವರಲ್ಲಿ ಸುಮಾರು ಅರ್ಧದಷ್ಟು ಜನ ಚೇತರಿಸಿಕೊಳ್ಳುತ್ತಾರೆ. ಬಿಟ್ಟಿಗೆ ಬೆಲೆಯಿಲ್ಲ ಅನ್ನುವವರು ಇದನ್ನು ಗಮನಿಸಬಹುದು.

ಹತ್ತು ಸೆಷನ್ ಪ್ಯಾಕೇಜ್

"ಇವತ್ತೇ ಹತ್ತು ಸೆಷನ್‌ಗೆ ಕಟ್ಟಿದರೆ 20 ಪರ್ಸೆಂಟ್ ಡಿಸ್ಕೌಂಟ್." ಜಿಮ್‌ನಲ್ಲಿ ಕೇಳಿದ ಮಾತು ಈಗ ಥೆರಪಿಯಲ್ಲೂ ಬಂದಿದೆ. ಇಲ್ಲಿ ನನ್ನ ಸಲಹೆ ಖಡಾಖಂಡಿತ: ಮೊದಲ ಒಂದೆರಡು ಸೆಷನ್ ಆಗುವವರೆಗೆ ಪ್ಯಾಕೇಜ್ ಕೊಳ್ಳಬೇಡಿ.

ಕಾರಣ ಇಷ್ಟೇ. ಥೆರಪಿ ಫಲಿಸುತ್ತದೋ ಇಲ್ಲವೋ ಎಂಬುದಕ್ಕೂ ಥೆರಪಿಸ್ಟ್ ಮತ್ತು ನಿಮ್ಮ ನಡುವೆ ಬೆಳೆಯುವ ನಂಬಿಕೆ, ಹೊಂದಾಣಿಕೆಗೂ ಗಟ್ಟಿ ಸಂಬಂಧ ಇದೆ ಎಂದು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಅದು ಮುಖ ನೋಡಿ ಮಾತಾಡುವ ಮೊದಲು ತಿಳಿಯುವುದಿಲ್ಲ. ಹತ್ತು ಸಾವಿರ ಕಟ್ಟಿದ ಮೇಲೆ "ಇವರು ನನಗೆ ಸರಿಹೋಗ್ತಿಲ್ಲ" ಅನಿಸಿದರೆ, ದುಡ್ಡಿನ ಆಸೆಗೆ ಎಳೆದುಕೊಂಡು ಹೋಗುತ್ತೀರಿ, ಇಲ್ಲವೇ ದುಡ್ಡು ಬಿಟ್ಟು ಬರುತ್ತೀರಿ. ಮೂರನೇ ವಾರಕ್ಕೆ ಥೆರಪಿಸ್ಟ್ ಬದಲಿಸುವುದು ಅವಮಾನವೂ ಅಲ್ಲ, ದ್ರೋಹವೂ ಅಲ್ಲ.

ಕಟ್ಟಲೇಬೇಕೆಂದರೆ ಮೂರು ವಿಷಯ ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಮಧ್ಯೆ ನಿಲ್ಲಿಸಿದರೆ ಎಷ್ಟು ವಾಪಸ್, ಎಷ್ಟು ತಿಂಗಳೊಳಗೆ ಬಳಸಬೇಕು, ಥೆರಪಿಸ್ಟ್ ಕೆಲಸ ಬಿಟ್ಟರೆ ಏನು. ಬಾಯಿಮಾತಿಗೆ ಆಮೇಲೆ ಸಾಕ್ಷಿ ಇರುವುದಿಲ್ಲ. ದುಡ್ಡು ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ಹಣ ಕೊಟ್ಟು ಪಡೆಯುವ ಕೌನ್ಸೆಲಿಂಗ್ ಕೂಡ ಒಂದು ಸೇವೆಯೇ. ಕೊಟ್ಟ ಮಾತಿಗೆ ತಪ್ಪಿದರೆ ಮೊದಲು ಅವರಿಗೇ ಬರೆದು ಕೇಳಿ, ಆಗಲೂ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು ಅಷ್ಟೆ.

ಒಟ್ಟು ಎಷ್ಟು ಖರ್ಚಾಗಬಹುದು? ಖಿನ್ನತೆ, ಆತಂಕಕ್ಕೆ ಕೊಡುವ ಸಿಬಿಟಿಯಂಥ ಥೆರಪಿ ಸಾಮಾನ್ಯವಾಗಿ 6ರಿಂದ 20 ಸೆಷನ್ ನಡೆಯುತ್ತದೆ. 1,500 ರೂಪಾಯಿಯಂತೆ 12 ಸೆಷನ್ ಅಂದರೆ 18,000. ಈ ಅಂದಾಜು ಮೊದಲೇ ಕೈಯಲ್ಲಿದ್ದರೆ ಮನೆ ಖರ್ಚಿನಲ್ಲಿ ಹೊಂದಿಸಬಹುದು. "ಎಷ್ಟು ಸೆಷನ್ ಬೇಕಾಗಬಹುದು, ಯಾವಾಗ ಒಮ್ಮೆ ಕೂತು ಪರಿಶೀಲಿಸೋಣ" ಎಂದು ಕೇಳುವುದು ನಿಮ್ಮ ಹಕ್ಕು. ಕರಾರುವಾಕ್ಕಾದ ಸಂಖ್ಯೆ ಯಾರೂ ಹೇಳಲಾರರು. "21 ದಿನದಲ್ಲಿ ಗ್ಯಾರಂಟಿ" ಅನ್ನುವವರಿಂದ ಎದ್ದು ಬನ್ನಿ.

ದುಡ್ಡು ಯಾರಿಗೆ ಕೊಡುತ್ತಿದ್ದೀರಿ?

ನಮ್ಮಲ್ಲಿ ಯಾರು ಬೇಕಾದರೂ ಬಾಗಿಲಿಗೆ "ಕೌನ್ಸೆಲರ್" ಬೋರ್ಡ್ ಹಾಕಿಕೊಂಡು ಕೂರುವ ಪರಿಸ್ಥಿತಿ ಬಹುಕಾಲದಿಂದ ಇದೆ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರ್, ಮಾತ್ರೆ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಡಾಕ್ಟರ್ ಅಲ್ಲ, ಆದರೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಇರಬೇಕು. ನೋಂದಣಿ ಸಂಖ್ಯೆ ಕೇಳಿ, ಆರ್‌ಸಿಐ ವೆಬ್‌ಸೈಟಿನಲ್ಲಿ ಹುಡುಕಿ ನೋಡಬಹುದು. ಕೌನ್ಸೆಲರ್‌ಗಳನ್ನೂ ಒಂದು ಶಿಸ್ತಿನಡಿ ತರಲು 2021ರಲ್ಲಿ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ ಬಂದಿದೆ. ಒಳ್ಳೆಯ ಕೌನ್ಸೆಲರ್‌ಗಳು ಬೇಕಾದಷ್ಟು ಜನ ಇದ್ದಾರೆ. ಎಲ್ಲಿ ಓದಿದಿರಿ, ಎಷ್ಟು ವರ್ಷದ ಅನುಭವ, ಸೂಪರ್‌ವಿಷನ್ ಇದೆಯೇ ಎಂದು ಕೇಳಿದರೆ ಅವರು ಬೇಸರಿಸುವುದಿಲ್ಲ.

ಆಸ್ಪತ್ರೆ, ಕ್ಲಿನಿಕ್ ಆದರೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದರಪಟ್ಟಿ ಕಾಣುವಂತೆ ಹಾಕಬೇಕು. ಅಪಾರ್ಟ್‌ಮೆಂಟಿನ ಒಂದು ರೂಮಿನಲ್ಲೋ ಆನ್‌ಲೈನ್‌ನಲ್ಲೋ ಒಬ್ಬರೇ ಕೆಲಸ ಮಾಡುವವರಲ್ಲಿ ಅಂಥ ಪಟ್ಟಿ ಸಿಗುವುದು ಅಪರೂಪ, ಬಾಯಿಬಿಟ್ಟು ಕೇಳಬೇಕು. ಬಿಲ್ ಕೊಡಲು ಹಿಂದೇಟು ಹಾಕುವವರು, ನಿಮ್ಮಿಂದ ಸಾಲ ಕೇಳುವವರು, ಥೆರಪಿ ಜೊತೆಗೆ ಹರಳು, ಪೌಡರ್, ಇನ್ನೊಂದು ಕೋರ್ಸ್ ಮಾರುವವರು ಎಲ್ಲಿ ಓದಿದ್ದರೂ ಬೇಡ.

ಇನ್ಶೂರೆನ್ಸ್ ಸಿಗುತ್ತಾ?

ಇಲ್ಲೂ ಒಂದು ಫಾರ್ವರ್ಡ್ ಇದೆ: ಕಾನೂನು ಬಂದಿದೆ, ಎಲ್ಲ ಕೌನ್ಸೆಲಿಂಗ್ ಖರ್ಚೂ ಇನ್ಶೂರೆನ್ಸ್‌ನವರು ಕೊಡಬೇಕು ಅಂತ. ಕಾನೂನು ಬಂದಿರುವುದು ನಿಜ. ಮಾನಸಿಕ ಆರೋಗ್ಯ ಕಾಯ್ದೆ 2017, ಜಾರಿಯಾದದ್ದು 2018ರ ಮೇ 29ರಂದು. ದೇಹದ ಕಾಯಿಲೆಗೆ ಯಾವ ಆಧಾರದಲ್ಲಿ ವಿಮೆ ಕೊಡುತ್ತೀರೋ ಅದೇ ಆಧಾರದಲ್ಲಿ ಮಾನಸಿಕ ಕಾಯಿಲೆಗೂ ಕೊಡಬೇಕು ಎಂದು ಅದರ 21ನೇ ಸೆಕ್ಷನ್ ಹೇಳುತ್ತದೆ. ಮಾನಸಿಕ ಕಾಯಿಲೆ ಎಂಬ ಕಾರಣಕ್ಕೆ ಕ್ಲೈಮ್ ನಿರಾಕರಿಸಿದ ಒಂದು ಪ್ರಕರಣದಲ್ಲಿ 2021ರಲ್ಲಿ ದೆಹಲಿ ಹೈಕೋರ್ಟ್ ರೋಗಿಯ ಪರವಾಗಿ ತೀರ್ಪು ಕೊಟ್ಟಿತು. ಎಲ್ಲ ಪಾಲಿಸಿಗಳಲ್ಲೂ ಇದನ್ನು ಸೇರಿಸಿ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2022ರಲ್ಲಿ ಮತ್ತೊಮ್ಮೆ ತಾಕೀತು ಮಾಡಿತು.

ಸಿಕ್ಕು ಇರುವುದು "ಅದೇ ಆಧಾರ" ಎಂಬಲ್ಲಿ. ನಮ್ಮ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುತ್ತವೆ. ಜ್ವರಕ್ಕೆ ಕ್ಲಿನಿಕ್‌ನಲ್ಲಿ ಕೊಟ್ಟ ಫೀಸು ಹೇಗೆ ವಾಪಸ್ ಬರುವುದಿಲ್ಲವೋ, ವಾರಕ್ಕೊಮ್ಮೆ ಕೂತು ಮಾತಾಡಿ ಬರುವ ಥೆರಪಿ ಫೀಸೂ ಹಾಗೆಯೇ ಬರುವುದಿಲ್ಲ. ಹೊರರೋಗಿ ಖರ್ಚು, ಅಂದರೆ ಓಪಿಡಿ ಸೇರಿದ ಪಾಲಿಸಿ ಇದ್ದರೆ ಬೇರೆ ಮಾತು. ಆಗ ಕಂಪನಿಗೆ ಮೊದಲೇ ಬರೆದು ಕೇಳಿ: ಸೈಕಾಲಜಿಸ್ಟ್ ಬಿಲ್ ಒಪ್ಪುತ್ತೀರಾ, ಸೈಕಿಯಾಟ್ರಿಸ್ಟ್ ಚೀಟಿ ಬೇಕಾ, ನೋಂದಣಿ ಸಂಖ್ಯೆ ಬೇಕಾ ಅಂತ. ಕೆಲಸ ಮಾಡುವ ಕಂಪನಿ ದೊಡ್ಡದಾದರೆ ಎಚ್‌ಆರ್ ಪೋರ್ಟಲ್‌ನಲ್ಲಿ ಉದ್ಯೋಗಿ ನೆರವು ಕಾರ್ಯಕ್ರಮ ಇದೆಯೇ ನೋಡಿ. ವರ್ಷಕ್ಕೆ ಕೆಲವು ಸೆಷನ್ ಉಚಿತ ಕೊಡುವ ಕಂಪನಿಗಳಿವೆ, ಎಷ್ಟೋ ಉದ್ಯೋಗಿಗಳು ಆ ಪುಟವನ್ನೇ ತೆರೆದಿರುವುದಿಲ್ಲ.

ಫೀಸು ಕಟ್ಟಿದ ಅಪ್ಪನಿಗೆ ಒಳಗಿನ ಮಾತು ಹೇಳಬೇಕಾ?

ನಮ್ಮ ಮನೆಗಳಲ್ಲಿ ಇದು ದೊಡ್ಡ ಸಮಸ್ಯೆ. ಮಗ, ಮಗಳು ಕಾಲೇಜಿನಲ್ಲಿದ್ದಾರೆ, ಫೀಸು ಕಟ್ಟುವುದು ಅಪ್ಪ. ಹೆಂಡತಿ ಥೆರಪಿಗೆ ಹೋಗುತ್ತಾಳೆ, ಯುಪಿಐ ಗಂಡನ ಫೋನಿನಿಂದ. "ದುಡ್ಡು ನಾನು ಕೊಡ್ತಿದ್ದೀನಿ, ಏನು ಮಾತಾಡಿದಳು ಹೇಳಿ" ಎಂದು ಕ್ಲಿನಿಕ್‌ಗೆ ಫೋನ್ ಮಾಡುವವರಿದ್ದಾರೆ.

ಕಾಯ್ದೆಯ 23ನೇ ಸೆಕ್ಷನ್ ಚಿಕಿತ್ಸೆ ಪಡೆಯುವವರ ಮಾಹಿತಿ ಗೋಪ್ಯವಾಗಿರಬೇಕು ಎನ್ನುತ್ತದೆ. ಯಾರದಾದರೂ ಜೀವಕ್ಕೆ ಅಪಾಯ, ಕೋರ್ಟ್ ಆದೇಶ, ಆರೈಕೆಗೆಂದು ರೋಗಿಯೇ ಹೆಸರಿಸಿದ ಪ್ರತಿನಿಧಿ, ಹೀಗೆ ಕೆಲವು ವಿನಾಯಿತಿಗಳಿವೆ. ಆ ಪಟ್ಟಿಯಲ್ಲಿ "ಫೀಸು ಕಟ್ಟಿದವರು" ಇಲ್ಲ. 18 ದಾಟಿದ ಮಗಳು ಒಪ್ಪದೆ ಥೆರಪಿಸ್ಟ್ ಅಪ್ಪನಿಗೆ ಸೆಷನ್ನಿನ ವಿವರ ಹೇಳುವಂತಿಲ್ಲ. ಮಕ್ಕಳು ಚಿಕ್ಕವರಾದರೆ ಪೋಷಕರ ಪಾತ್ರ ಇದ್ದೇ ಇರುತ್ತದೆ, ಆದರೂ ಯಾವುದನ್ನು ಹೇಳುತ್ತೇವೆ, ಯಾವುದು ಮಗುವಿನ ಬಳಿಯೇ ಇರುತ್ತದೆ ಎಂದು ಮೊದಲ ದಿನವೇ ಎಲ್ಲರೂ ಕೂತು ಮಾತಾಡಿಕೊಳ್ಳುವುದು ರೂಢಿ.

ಆದರೆ ಕಾನೂನು ಕಾಯದ ಜಾಗವೂ ಒಂದಿದೆ. ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಹಿಸ್ಟರಿ, ಬಿಲ್‌ನ ಎಸ್ಸೆಮ್ಮೆಸ್. ಮನೆಯಲ್ಲಿ ಗೊತ್ತಾದರೆ ತೊಂದರೆ ಎನ್ನುವ ಪರಿಸ್ಥಿತಿಯಿದ್ದರೆ, ರಸೀದಿಯಲ್ಲಿ ಮತ್ತು ಪಾವತಿ ವಿವರದಲ್ಲಿ ಯಾವ ಹೆಸರು ಬರುತ್ತದೆ, ಕ್ಯಾಶ್ ತೆಗೆದುಕೊಳ್ಳುತ್ತಾರಾ, ಮೆಸೇಜ್ ಯಾವ ನಂಬರಿಗೆ ಬರುತ್ತದೆ ಎಂದು ಮೊದಲೇ ಕೇಳಿಕೊಳ್ಳಿ.

ಇಷ್ಟು ಕೊಡಲು ಆಗುವುದಿಲ್ಲ, ಏನು ಮಾಡಲಿ?

ಅನೇಕ ಥೆರಪಿಸ್ಟ್‌ಗಳು ಕೆಲವು ಸ್ಲಾಟ್‌ಗಳನ್ನು ಕಡಿಮೆ ಫೀಸಿಗೆ ಎತ್ತಿಡುತ್ತಾರೆ. ಆದಾಯ ನೋಡಿ ಫೀಸು ಇಳಿಸುವ ಇದಕ್ಕೆ ಸ್ಲೈಡಿಂಗ್ ಸ್ಕೇಲ್ ಅನ್ನುತ್ತಾರೆ. ಬೋರ್ಡಿನಲ್ಲಿ ಇದನ್ನು ಬರೆದಿರುವುದು ಕಡಿಮೆ, ಕೇಳಿದವರಿಗೆ ಸಿಗುತ್ತದೆ. ತರಕಾರಿ ಚೌಕಾಸಿ ಥರ ಕೇಳಬೇಕಾಗಿಲ್ಲ. "ಮೇಡಂ, ನನಗೆ ತಿಂಗಳಿಗೆ ಎರಡು ಸಾವಿರ ಮಾತ್ರ ಹೊಂದಿಸೋಕೆ ಆಗುತ್ತೆ. ಅಷ್ಟರಲ್ಲಿ ಏನಾದರೂ ದಾರಿ ಇದೆಯಾ? ಇಲ್ಲದಿದ್ದರೆ ಕಡಿಮೆ ಫೀಸಿನವರು ಯಾರಾದರೂ ಗೊತ್ತಿದ್ದರೆ ಹೇಳಿ" ಎಂದು ಮೊದಲ ಮೆಸೇಜ್‌ನಲ್ಲೇ ಬರೆದರೆ ಆಯಿತು. ವಾರಕ್ಕೊಮ್ಮೆ ಬದಲು ಹದಿನೈದು ದಿನಕ್ಕೊಮ್ಮೆ ಮಾಡುವುದು ಇನ್ನೊಂದು ದಾರಿ, ಆದರೆ ಅದನ್ನು ನೀವೇ ತೀರ್ಮಾನಿಸದೆ ಅವರ ಜೊತೆ ಮಾತಾಡಿ. ಮಾತ್ರೆ ತೆಗೆದುಕೊಳ್ಳುತ್ತಿರುವವರು ಖರ್ಚು ಉಳಿಸಲು ಅದನ್ನು ತಾವಾಗಿ ನಿಲ್ಲಿಸಲೇಬಾರದು.

ಸರ್ಕಾರಿ ದಾರಿಗಳನ್ನು ಕಡೆಗಣಿಸಬೇಡಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇಡೀ ದೇಶದ ಈ ವ್ಯವಸ್ಥೆಗೆ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಅದರ ಹೊರರೋಗಿ ವಿಭಾಗ ಎಲ್ಲರಿಗೂ ಗೊತ್ತು, ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇರುವುದು ಅಷ್ಟಾಗಿ ಗೊತ್ತಿಲ್ಲ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಜಿಲ್ಲಾಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಮಾನಸಿಕ ಚಿಕಿತ್ಸೆ ಉಚಿತ ಎಂದು 2017ರ ಕಾಯ್ದೆಯೇ ಹೇಳುತ್ತದೆ, ಬಿಪಿಎಲ್ ಕಾರ್ಡ್ ಕೈಯಲ್ಲಿ ಇಲ್ಲದಿದ್ದರೂ. ಇಲ್ಲಿ ಸರದಿ ಉದ್ದ, ಖಾಸಗಿಯಷ್ಟು ಹೊತ್ತು ಕೂರಿಸಿಕೊಂಡು ಮಾತಾಡಲು ಅವರಿಗೆ ಪುರುಸೊತ್ತಿಲ್ಲ ಎಂಬುದೂ ನಿಜ. ಅದನ್ನು ಮುಚ್ಚಿಟ್ಟು ಹೇಳಿದರೆ ನಾನೂ ಇನ್ನೊಂದು ಫಾರ್ವರ್ಡ್ ಬರೆದಂತಾಗುತ್ತದೆ.

ಬದುಕುವುದೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಮಾತ್ರ ಫೀಸು, ಅಪಾಯಿಂಟ್‌ಮೆಂಟ್, ಮುಂದಿನ ಮಂಗಳವಾರ ಯಾವುದಕ್ಕೂ ಕಾಯಬೇಡಿ. ಆಗಲೇ 14416ಕ್ಕೆ ಕರೆ ಮಾಡಿ, ಇಲ್ಲವೇ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ನನ್ನ ಕಥೆ ಅರ್ಧಕ್ಕೆ ನಿಂತಿತ್ತು. ಆ ಫಾರಂ ಸಿಕ್ಕಿದ ವಾರ ಕೌನ್ಸೆಲರ್‌ಗೆ ಮೆಸೇಜ್ ಹಾಕಿದೆ. ಮೊದಲ ಅರ್ಧ ಗಂಟೆ ಅಪ್ಪನ ಬಗ್ಗೆ ಮಾತೇ ಆಡಲಿಲ್ಲ, ಆ 1,200 ರೂಪಾಯಿ ಬಗ್ಗೆಯೇ ಮಾತಾಡಿದೆವು. ನಿಯಮವನ್ನು ಬಾಯಲ್ಲಿ ಹೇಳದಿದ್ದದ್ದು ತಮ್ಮ ತಪ್ಪು ಎಂದು ಅವರು ಒಪ್ಪಿಕೊಂಡರು. ಕೇಳದೆ ಎದ್ದುಹೋದದ್ದು ನನ್ನದು ಎಂದು ನಾನೂ ಒಪ್ಪಿಕೊಂಡೆ. ಹದಿನೈದು ದಿನಕ್ಕೊಮ್ಮೆ, ಕಾಯಿಲೆ ಬಿದ್ದರೆ ಫೋನಿನಲ್ಲಿ ಎಂದು ತೀರ್ಮಾನವಾಯಿತು. ಆಮೇಲೆ ಇನ್ನು ಏಳು ಸೆಷನ್ ಹೋದೆ.